ಅಂಬಿಗರ ಹುಸೇನಪ್ಪನೂ ಕಂಬಳಿ ಮುದುಕನೂ

ಬಹಳ ಹಿಂದೆ, ಹೊಳೆಗೆ ಇನ್ನೂ ಸೇತುವೆ ಬಂದಿರದ ಕಾಲದಲ್ಲಿ, ಎದುರುಬದುರು ಎರಡು ಊರುಗಳಿದ್ದವು. ಈ ದಡಕ್ಕೆ ಮುದಗೋಟ, ಆ ದಡಕ್ಕೆ ಸಿಂಗದಿನ್ನಿ. ಯಾವ ವರ್ಷ ಅಂತ ಕೇಳಬೇಡಿ. ಕೇಳಿದರೆ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ, ಹೇಳಿದವರೆಲ್ಲ ಆಣೆ ಮಾಡುತ್ತಾರೆ. ಊರಿಗೆ ಕರೆಂಟು ಬಂದಿತ್ತು, ಬಂದ ಕರೆಂಟು ಉಳಿಯುತ್ತಿರಲಿಲ್ಲ ಅನ್ನುವುದೊಂದರಲ್ಲಿ ಮಾತ್ರ ಯಾರ ತಕರಾರೂ ಇಲ್ಲ.

ಆ ಎರಡು ಊರುಗಳ ನಡುವೆ ಹರಿಗೋಲು ನಡೆಸುತ್ತಿದ್ದವನು ಅಂಬಿಗರ ಹುಸೇನಪ್ಪ. ಅವನ ತೋಳು ಬಾಗಿಲ ಚೌಕಟ್ಟಿನಷ್ಟು ದಪ್ಪ ಇತ್ತು ಅಂತಾರೆ. ತುಂಬಿದ ಹೊಳೆಯಲ್ಲಿ ಎರಡು ಎಮ್ಮೆ, ಒಂದು ಮದುವೆ ದಿಬ್ಬಣ, ಜೊತೆಗೆ ಮುನಿಸಿಕೊಂಡ ಬೀಗರು, ಇಷ್ಟನ್ನೂ ಒಂದೇ ಸಲಕ್ಕೆ ದಾಟಿಸಿದ ಅಂತಾರೆ. ಎಮ್ಮೆ ಒಂದೇ ಇತ್ತು ಅನ್ನುವವರೂ ಇದ್ದಾರೆ, ಅವರ ಮಾತು ಬಿಡಿ.

ಅವನಿಗೆ ತನ್ನವರು ಅಂತ ಯಾರೂ ಇರಲಿಲ್ಲ. ಹೆಂಡತಿ ಬಂದ ಮೂರನೇ ವರ್ಷಕ್ಕೇ ಜ್ವರದಲ್ಲಿ ಹೋಗಿದ್ದಳು. ಮಕ್ಕಳಾಗಿರಲಿಲ್ಲ. ಹರಿಗೋಲು ನಿಲ್ಲುವ ಕಡವಿನ ದಿಬ್ಬದ ಮೇಲೆ ಒಂದು ಗುಡಿಸಲು, ಒಳಗೆ ಒಂದು ಒಲೆ, ಉಣ್ಣಲು ಒಂದು ಗಂಗಾಳ. ದಿನವಿಡೀ ಜನರ ನಡುವೆ ಇದ್ದರೂ ಅವನು ಒಬ್ಬನೇ. ಹರಿಗೋಲಿನಲ್ಲಿ ಕೂತವರು ಅವನ ತಲೆಯ ಮೇಲಿಂದ ಮಾತಾಡುತ್ತಿದ್ದರು. ಹೆಣ್ಣು ನೋಡಿ ಬಂದದ್ದು, ಅಣ್ಣತಮ್ಮಂದಿರು ಬೇರೆಯಾದದ್ದು, ಎಲ್ಲ ಅವನ ಎದುರೇ ಆಡಿ, ದಡ ಬಂದೊಡನೆ ಇಳಿದು ಹೋಗುತ್ತಿದ್ದರು. ನೀನೇನಂತೀ ಹುಸೇನಪ್ಪ ಅಂತ ಒಬ್ಬರೂ ಕೇಳಿದ್ದಿಲ್ಲ.

ಹೀಗಿರುವಾಗ ಮುದಗೋಟಕ್ಕೆ ಒಂದು ಕೆಂಪು ಪೆಟ್ಟಿಗೆ ಬಂತು. ತಂದವನು ಸೈಕಲ್ ಶಾಪಿನ ಖಾಜಾಸಾಬ. ಪೆಟ್ಟಿಗೆ ಆಳೆತ್ತರ ಇತ್ತು. ಮುಂದೆ ಟಿ.ವಿ.ಯಂಥ ಗಾಜು, ಕೆಳಗೆ ಎರಡು ಹಿಡಿಕೆ, ಹಿಡಿಕೆಯ ಪಕ್ಕ ಆರಾರು ಗುಂಡಿ. ಗಾಜಿನೊಳಗೆ ಇಬ್ಬರು ಬಡಿದಾಡುತ್ತಿದ್ದರು. ಹೊರಗೆ ನಿಂತ ಇಬ್ಬರು ಹಿಡಿಕೆ ತಿರುವಿ, ಗುಂಡಿ ಒತ್ತಿ, ಅವರನ್ನು ಬಡಿದಾಡಿಸುತ್ತಿದ್ದರು. ಗೆದ್ದವನು ಅಲ್ಲೇ ನಿಲ್ಲಬೇಕು, ಸೋತವನು ಜಾಗ ಬಿಡಬೇಕು. ಒಳಗಿದ್ದ ಎಂಟು ಮಂದಿ ಜಟ್ಟಿಗಳ ಹೆಸರು ಗಾಜಿನ ಮೇಲೆ ಯಾವುದೋ ಅಕ್ಷರದಲ್ಲಿ ಬರುತ್ತಿತ್ತು, ಯಾರಿಗೂ ಓದಲು ಬರುತ್ತಿರಲಿಲ್ಲ. ಊರವರೇ ಹೆಸರಿಟ್ಟರು. ಉದ್ದ ಕಾಲಿನ ಹುಡುಗಿ ಕೊಕ್ಕರೆ. ಹೊಟ್ಟೆಯವನು ಗುಡಾಣ. ಹೆಗಲ ಮೇಲೆ ಹರಿದ ಕಂಬಳಿ ಹಾಕಿಕೊಂಡ ಬಿಳಿ ಗಡ್ಡದವನು ಕಂಬಳಿ ಮುದುಕ.

ಕಂಬಳಿ ಮುದುಕನನ್ನು ಯಾರೂ ಆರಿಸುತ್ತಿರಲಿಲ್ಲ. ಅವನು ನಿಧಾನ. ಒಂದು ಕಾಲು ಎತ್ತುವಷ್ಟರಲ್ಲಿ ಕೊಕ್ಕರೆ ಮೂರು ಒದೆ ಕೊಟ್ಟು ಹಿಂದೆ ಜಿಗಿದಿರುತ್ತಿದ್ದಳು. ಒಂದು ಮಧ್ಯಾಹ್ನ, ಗಿರಾಕಿ ಇಲ್ಲದೆ ಬೇಸರವಾಗಿ ಹುಸೇನಪ್ಪ ಶಾಪಿಗೆ ಬಂದ. ಹಿಡಿಕೆ ಹಿಡಿದ. ಕಂಬಳಿ ಮುದುಕನನ್ನೇ ಆರಿಸಿದ. ಸುತ್ತ ನಿಂತವರು ನಕ್ಕರು.

ಹುಸೇನಪ್ಪ ಹೊಡೆಯಲು ಹೋಗಲಿಲ್ಲ. ಸುಳಿ ತಾನಾಗಿ ಹರಿಗೋಲಿನ ಹತ್ತಿರ ಬರುವ ತನಕ ಕಾಯುವುದು ಅವನಿಗೆ ಗೊತ್ತಿತ್ತು. ಹಾಗೇ ಕಾದ. ಎದುರಿನವನು ಆಡಿಸುತ್ತಿದ್ದ ಕೊಕ್ಕರೆ ಹಾರಿ ಬಂದಳು. ಮುದುಕ ಕಂಬಳಿ ಒಂದು ಸಲ ಬೀಸಿದ, ಅಷ್ಟೇ. ಕೊಕ್ಕರೆ ಬಿದ್ದಳು, ಮತ್ತೆ ಏಳಲಿಲ್ಲ.

ಅವತ್ತು ಅವನು ನಲವತ್ತು ಜನರನ್ನು ಸೋಲಿಸಿದ ಅಂತಾರೆ. ಅರವತ್ತು ಅಂತಾರೆ. ಕರೆಂಟು ಹೋದ ಮೇಲೂ ಕತ್ತಲೆ ಗಾಜಿನಲ್ಲಿ ಇನ್ನಿಬ್ಬರನ್ನು ಸೋಲಿಸಿದ ಅಂತಾರೆ. ಅದೆಲ್ಲ ಇರಲಿ. ಹುಸೇನಪ್ಪನಿಗೆ ಗೆದ್ದದ್ದು ದೊಡ್ಡದಾಗಿರಲಿಲ್ಲ. ಹಿಂದೆ ಜನ ನಿಂತಿದ್ದರು, ಅದು ದೊಡ್ಡದಾಗಿತ್ತು. ಹೊಡಿ ಹುಸೇನಪ್ಪ, ತಡಿ ಹುಸೇನಪ್ಪ ಅಂತ ಹೆಸರು ಹಿಡಿದು ಕೂಗುತ್ತಿದ್ದರು. ಯಾರೋ ಒಬ್ಬ ಮೈಮರೆತು ಅವನ ಹೆಗಲ ಮೇಲೆ ಕೈ ಇಟ್ಟಿದ್ದ. ಹೆಂಡತಿ ಹೋದ ಮೇಲೆ ಆ ಹೆಗಲನ್ನು ಯಾರೂ ಮುಟ್ಟಿರಲಿಲ್ಲ. ಗುಡಿಸಲಿಗೆ ಬಂದ ಮೇಲೂ ಆ ಕೈಯ ಬಿಸಿ ಅಲ್ಲೇ ಇದ್ದ ಹಾಗಿತ್ತು. ಅಂದಿನಿಂದ ದಿನಾ ಹೋಗತೊಡಗಿದ.

ಮುದಗೋಟಕ್ಕೆ ಬಂದದ್ದು ಸಿಂಗದಿನ್ನಿಗೆ ಬೇಡವೆ? ಅಲ್ಲಿ ಚಹಾದ ಹೋಟೆಲು ಇಟ್ಟಿದ್ದ ಪಂಪಮ್ಮ ಒಂದು ನೀಲಿ ಪೆಟ್ಟಿಗೆ ತರಿಸಿದಳು. ಕೌದಿ ಸುತ್ತಿದ ಪೆಟ್ಟಿಗೆಯನ್ನು ಹೊಳೆ ದಾಟಿಸಿದವನು ಹುಸೇನಪ್ಪನೇ. ಅದು ಬೇರೆ ಕಂಪನಿಯದು. ಜಟ್ಟಿಗಳು ಬೇರೆ, ಪೆಟ್ಟುಗಳು ಬೇರೆ, ಸಂಗೀತವೂ ಬೇರೆ. ಆ ಕಡೆ ಹೋದಾಗ ಹುಸೇನಪ್ಪ ಅದನ್ನೂ ಆಡುತ್ತಿದ್ದ. ಅಲ್ಲೂ ಜನ ಅವನ ಹಿಂದೆ ನಿಲ್ಲುತ್ತಿದ್ದರು, ಅಲ್ಲೂ ಹೆಸರು ಹಿಡಿದು ಕೂಗುತ್ತಿದ್ದರು. ಹೊಳೆಯ ಎರಡೂ ಕಡೆ ಈಗ ಅವನಿಗೆ ಮಂದಿ ಇದ್ದರು.

ಒಂದು ದಿನ ಪಂಪಮ್ಮನ ಹೋಟೆಲಿನಲ್ಲಿ ಪಾಳಿಗಾಗಿ ಕಾಯುತ್ತಾ ನಿಂತವನು ಬಡಿದಾಡುವವರನ್ನು ಬಿಟ್ಟು ಅವರ ಹಿಂದಿನ ಚಿತ್ರ ನೋಡಿದ. ಒಂದು ದೋಣಿಕಟ್ಟೆ. ಹಗ್ಗ, ಪೀಪಾಯಿ, ಕಟ್ಟಿ ಹಾಕಿದ ದೋಣಿ. ಮೂಲೆಯ ಕಲ್ಲಿನ ಮೇಲೆ ಯಾರೋ ಕೂತಿದ್ದರು. ಬಿಳಿ ಗಡ್ಡ. ಹೆಗಲ ಮೇಲೆ ಕಂಬಳಿ, ಅದೇ ಜಾಗದಲ್ಲಿ ಅದೇ ಹರಕು. ಕಂಬಳಿ ಮುದುಕ! ಬಡಿದಾಡುವವರ ಪೈಕಿ ಅವನಿಲ್ಲ, ಯಾರೂ ಅವನನ್ನು ಆರಿಸಲಾರರು, ಯಾವ ಪೆಟ್ಟೂ ಅವನಿಗೆ ತಾಗದು. ಯಾರಾದರೂ ಬಿದ್ದಾಗ ಮಾತ್ರ ಒಂದು ಸಲ ಕತ್ತು ತಿರುಗಿಸಿ ನೋಡುತ್ತಿದ್ದ. ನೋಡಿ ಮತ್ತೆ ನೀರಿನ ಕಡೆ ಮುಖ ಮಾಡುತ್ತಿದ್ದ.

ಒಂದು ಕಂಪನಿಯ ಜಟ್ಟಿ ಇನ್ನೊಂದು ಕಂಪನಿಯ ಪೆಟ್ಟಿಗೆಗೆ ಹೇಗೆ ಬಂದ? ಪೆಟ್ಟಿಗೆ ಮಾಡಿದವರು ಗೆಳೆಯರಿದ್ದರೋ, ಒಬ್ಬರನ್ನೊಬ್ಬರು ಚೇಷ್ಟೆ ಮಾಡಿದರೋ, ದೊಡ್ಡವನೆಂದು ಮರ್ಯಾದೆಗೆ ಕೂರಿಸಿದರೋ, ಮಾಡಿದವರನ್ನೇ ಕೇಳಬೇಕು. ಹುಸೇನಪ್ಪನಿಗೆ ಮಾತ್ರ ಖುಷಿ ತಡೆಯಲಾಗಲಿಲ್ಲ. ಎರಡೂ ಊರಿಗೆ ಒಬ್ಬನೇ ಮುದುಕ ಇದ್ದಾನೆ, ಅದು ತನಗೊಬ್ಬನಿಗೇ ಗೊತ್ತು. ಹುಟ್ಟಿದಾಗಿನಿಂದ ಬೇರೆಯವರ ಸುದ್ದಿ ಕೇಳಿದವನ ಬಳಿ ಈಗ ಹೇಳಲು ತನ್ನದೇ ಒಂದು ಸುದ್ದಿ ಇತ್ತು. ಹರಿಗೋಲು ಹತ್ತಿದವರಿಗೆಲ್ಲ ಹೇಳಿದ.

ಅದೇ ತಪ್ಪಾಯಿತು. ನಮ್ಮ ಮುದುಕ ಇಲ್ಲಿ ಎಲ್ಲರನ್ನೂ ಮಲಗಿಸುತ್ತಾನೆ, ಅಲ್ಲಿ ಅವನನ್ನು ಕಲ್ಲಿನ ಮೇಲೆ ಕಾವಲಿಗೆ ಕೂರಿಸಿದ್ದಾರಂತೆ ಎಂದು ಮುದಗೋಟದವರು ಸಿಟ್ಟಾದರು. ನಿಮ್ಮ ಪೈಲ್ವಾನ ನಮ್ಮವರ ಆಟ ನೋಡಿ ಕಲಿಯಲು ಬಂದು ಕೂತಿದ್ದಾನೆ ಎಂದು ಸಿಂಗದಿನ್ನಿಯವರು ಹಲ್ಲು ಕಿಸಿದರು. ಮೊದಲೇ ಕಾಲು ಕೆರೆದು ಜಗಳಕ್ಕೆ ನಿಲ್ಲುವ ಊರುಗಳು. ಹದಿನೈದು ದಿನದಲ್ಲಿ ಕಡವಿನಲ್ಲೇ ಹೊಡೆದಾಟವಾಯಿತು. ಈ ದಡದವನೊಬ್ಬನ ಮುಂದಿನ ಎರಡು ಹಲ್ಲು ಹೋದವು, ಆ ದಡದವನೊಬ್ಬನ ಕೈ ಮುರಿಯಿತು.

ಎರಡೂ ಊರಿನ ಹಿರಿಯರು ಕೂತರು. ಹೊಡೆದವರನ್ನು ಏನಾದರೂ ಅನ್ನೋಣವೆಂದರೆ ಎಲ್ಲರೂ ಅವರವರ ಮನೆಯ ಹುಡುಗರೇ. ಹುಸೇನಪ್ಪ ಯಾರ ಮನೆಯವನೂ ಅಲ್ಲ. ಇಲ್ಲಿಯ ಮಾತು ಅಲ್ಲಿಗೆ ಒಯ್ದವನು ಅವನೇ ಎಂದಾಯಿತು.

“ಹುಸೇನಪ್ಪಾ, ಸ್ವಲ್ಪ ದಿನ ಈ ಕಡಿ ಬರಬ್ಯಾಡಪ” ಎಂದ ಖಾಜಾಸಾಬ, ಮುಖ ನೋಡದೆ. ಪಂಪಮ್ಮನೂ ಅದನ್ನೇ ಹೇಳಿ ಕಳಿಸಿದಳು. ಹರಿಗೋಲಿನಲ್ಲಿ ಅವನ ಎದುರು ಯಾರೂ ಬಾಯಿ ಬಿಡಬಾರದೆಂದೂ ಎರಡೂ ಊರಿನಲ್ಲಿ ಮಾತಾಯಿತು. ಮೊದಲು ತಲೆಯ ಮೇಲಿಂದಾದರೂ ಮಾತಾಡುತ್ತಿದ್ದರು. ಈಗ ಅದೂ ಇಲ್ಲ. ಜನ ಬಂದು ಕೂರುತ್ತಿದ್ದರು, ನೀರು ನೋಡುತ್ತಿದ್ದರು, ಇಳಿಯುತ್ತಿದ್ದರು. ಒಂದು ತಿಂಗಳು ಅವನು ನೀರಿಗೆ ಹುಟ್ಟು ಹಾಕುವ ಸಪ್ಪಳ ಬಿಟ್ಟು ಬೇರೇನೂ ಕೇಳಲಿಲ್ಲ. ತಾನು ಮಾಡಿದ್ದೇನು ಎಂದು ಎಷ್ಟು ಯೋಚಿಸಿದರೂ ಹೊಳೆಯುತ್ತಿರಲಿಲ್ಲ. ಇಬ್ಬರಿಗೂ ಖುಷಿಯಾಗುತ್ತದೆ ಅಂತ ಹೇಳಿದ್ದ, ಅಷ್ಟೇ.

ಒಂದು ಮಧ್ಯಾಹ್ನ ಸಿಂಗದಿನ್ನಿಯವರೆಲ್ಲ ಊಟಕ್ಕೆಂದು ಪಕ್ಕದೂರಿನ ಮದುವೆಗೆ ಹೋಗಿದ್ದರು. ಪಂಪಮ್ಮ ಒಬ್ಬಳೇ ಕೂತು ಪಾತ್ರೆ ತಿಕ್ಕುತ್ತಿದ್ದಳು. ಹುಸೇನಪ್ಪ ಬಾಗಿಲಲ್ಲಿ ಬಂದು ನಿಂತ. ಒಂದೇ ಆಟ ಆಡಿ ಹೋಗುತ್ತೇನೆ ಅಕ್ಕಾ ಅಂದ. ಅವಳು ಕೈ ಒರೆಸಿಕೊಂಡಳು. ಎದ್ದು ಸ್ವಿಚ್ಚು ಹಾಕಿದಳು.

ದೋಣಿಕಟ್ಟೆಯ ಚಿತ್ರ ಬಂತು. ಹುಸೇನಪ್ಪ ತನ್ನ ಜಟ್ಟಿಯನ್ನು ಮೆಲ್ಲಗೆ ನಡೆಸಿಕೊಂಡು ಹೋಗಿ ಮೂಲೆಯ ಕಲ್ಲಿನ ಪಕ್ಕ ನಿಲ್ಲಿಸಿದ. ಹಿಡಿಕೆಯಿಂದ ಕೈ ತೆಗೆದ. ಎದುರು ಆಡುವವರಿಲ್ಲದಾಗ ಪೆಟ್ಟಿಗೆ ತಾನೇ ಆಡಿಸುವ ಜಟ್ಟಿ ಬಂದು ಹೊಡೆದ. ಹುಸೇನಪ್ಪ ಸುಮ್ಮನಿದ್ದ. ಅವನ ಜಟ್ಟಿ ಬಿದ್ದ. ಕಂಬಳಿ ಮುದುಕ ಕತ್ತು ತಿರುಗಿಸಿ ಅವನನ್ನು ನೋಡಿದ. ಎರಡನೇ ಸುತ್ತಿನಲ್ಲೂ ಹಾಗೇ ಆಯಿತು. ಆಟ ಮುಗಿಯಿತು.

“ಯಾಕ ಹೊಡೀಲಿಲ್ಲೋ?” ಎಂದು ಕೇಳಿದಳು ಪಂಪಮ್ಮ.

“ಒಬ್ಬನ ಕುಂತಾನಲ್ಲಕ್ಕ. ಸ್ವಲ್ಪ ಹೊತ್ತು ಜತಿಗೆ ನಿಂತೆ.”

ಅಷ್ಟು ಹೇಳಿ ಹೊಳೆಯ ಕಡೆ ಇಳಿದು ಹೋದ. ನಾವು ಪಾಪ ಕಟ್ಟಿಕೊಂಡೆವು ಎಂದು ಪಂಪಮ್ಮ ಅತ್ತಳು ಅಂತಾರೆ. ಮರುದಿನವೇ ಸಿಂಗದಿನ್ನಿಯ ಹಿರಿಯರ ಮುಂದೆ ನಿಂತು, ಹುಸೇನಪ್ಪನನ್ನು ಕರೆಯದಿದ್ದರೆ ಹೋಟೆಲಿನಲ್ಲಿ ಯಾರಿಗೂ ಚಹಾ ಇಲ್ಲ ಅಂದಳು. ಹಿರಿಯರು ಒಪ್ಪಿದರು. ಆದರೆ ತಾವೇ ಮೊದಲು ಕರೆದರೆ ತಗ್ಗಿದ ಹಾಗಾಗುತ್ತದೆ, ಮುದಗೋಟದವರೂ ಕರೆಯಬೇಕು ಅಂದರು. ಕೇಳಿಕೊಂಡು ಬರಲು ತಳವಾರ ಮುದೆಪ್ಪನನ್ನು ಕಳಿಸಿದರು. ಎಲ್ಲ ಗಟ್ಟಿಯಾಗುವ ತನಕ ಹುಸೇನಪ್ಪನ ಕಿವಿಗೆ ಬೀಳಬಾರದು ಎಂದೂ ತಾಕೀತು ಮಾಡಿದರು.

ಮುದೆಪ್ಪ ಹೋಗಬೇಕಾದದ್ದು ಆಚೆ ದಡಕ್ಕೆ. ಆಚೆ ದಡಕ್ಕೆ ಹೋಗಲು ಇದ್ದದ್ದು ಒಂದೇ ಹರಿಗೋಲು.

ಹುಸೇನಪ್ಪ ಅವನನ್ನು ದಾಟಿಸಿದ. ಮುದಗೋಟದವರು, ಕರೆಯೋಣ, ಆದರೆ ಇಬ್ಬರೂ ಒಂದೇ ದಿನ ಕರೆಯಬೇಕು ಅಂದರು. ಹುಸೇನಪ್ಪ ಅವನನ್ನು ಮರಳಿ ದಾಟಿಸಿದ. ಯಾವ ದಿನ ಅಂತ ಕೇಳಲು ಮುದೆಪ್ಪ ಮತ್ತೆ ಹೋದ. ಹುಸೇನಪ್ಪ ಯಾವ ಪೆಟ್ಟಿಗೆಯನ್ನು ಮೊದಲು ಆಡಬೇಕು ಅಂತ ಕೇಳಲು ಮತ್ತೆ ಹೋದ. ಹೀಗೆ ಏಳು ಸಲ ಹೋಗಿ ಬಂದ ಅಂತಾರೆ. ಏಳು ಸಲವೂ ಹುಸೇನಪ್ಪನೇ ಹುಟ್ಟು ಹಾಕಿದ. ತನ್ನನ್ನು ಕರೆಯುವ ಮಾತನ್ನು ತಾನೇ ಹೊತ್ತು ತಿರುಗುತ್ತಿದ್ದೇನೆ ಎಂದು ಅವನಿಗೆ ಹೇಗೆ ಗೊತ್ತಾಗಬೇಕು? ತಳವಾರ ಬಾಯಿಗೆ ಬೀಗ ಹಾಕಿಕೊಂಡು ದಿನಾ ಓಡಾಡುತ್ತಿದ್ದಾನೆ. ತನ್ನನ್ನು ಕಡವಿನಿಂದಲೂ ತೆಗೆಯುತ್ತಿದ್ದಾರೆ, ಬೇರೆ ಅಂಬಿಗನನ್ನು ಹುಡುಕುತ್ತಿದ್ದಾರೆ ಎಂದು ಅವನಿಗೆ ಅನ್ನಿಸಿತು. ಅನ್ನಿಸಿದ್ದು ದಿನದಿನಕ್ಕೆ ಗಟ್ಟಿಯಾಯಿತು.

ಏಳನೇ ಸಲ ಬರುವಾಗ ಎಲ್ಲ ಇತ್ಯರ್ಥವಾಗಿತ್ತು. ನಾಳೆ ಬೆಳಿಗ್ಗೆ ಎರಡೂ ಊರಿನವರು ಕಡವಿಗೆ ಬರುವುದು, ಒಟ್ಟಿಗೆ ಕರೆಯುವುದು. ಮುದೆಪ್ಪನಿಗೆ ಹೊಟ್ಟೆಯೊಳಗಿನ ಗುಟ್ಟು ಬಾಯಿಯ ತನಕ ಬಂದಿತ್ತು. ಎಲ್ಲರ ಮುಂದೆ ಹೇಳಿದರೆ ಚೆಂದ ಎಂದು ತಡೆದುಕೊಂಡು, ಹುಸೇನಪ್ಪನ ಮುಖ ನೋಡಿ ಒಂದು ಸಲ ನಕ್ಕ. ಹುಸೇನಪ್ಪ ಆ ನಗೆ ನೋಡಿದ. ಬೇರೆ ಅಂಬಿಗ ಸಿಕ್ಕ ಎಂದುಕೊಂಡ. ಕೇಳಿದ್ದರೆ ಮುದೆಪ್ಪ ಹೇಳಿಯೇ ಬಿಡುತ್ತಿದ್ದನಂತೆ. ಆದರೆ ಕೇಳುವ ರೂಢಿ ಹುಸೇನಪ್ಪನಿಗೆ ಎಲ್ಲಿತ್ತು?

ಬೆಳಿಗ್ಗೆ ಜನ ಬಂದರು. ಮುದಗೋಟದವರು ಈ ದಡದಲ್ಲಿ, ಸಿಂಗದಿನ್ನಿಯವರು ಆ ದಡದಲ್ಲಿ. ಖಾಜಾಸಾಬ ಹೊಸ ಅಂಗಿ ಹಾಕಿಕೊಂಡು ಬಂದಿದ್ದ. ಪಂಪಮ್ಮ ಮಂಡಕ್ಕಿ ಒಗ್ಗರಣೆ ಮಾಡಿ ತಂದಿದ್ದಳು. ಹರಿಗೋಲು ದಂಡೆಯ ಮೇಲೆ ಬೋರಲಾಗಿ ಬಿದ್ದಿತ್ತು. ಗುಡಿಸಲನ್ನು ಗುಡಿಸಿ ಸಾರಿಸಲಾಗಿತ್ತು, ಒಲೆಯ ಬೂದಿಯನ್ನೂ ತೆಗೆಯಲಾಗಿತ್ತು. ಹೊಸ ಅಂಬಿಗನಿಗೆ ಅನುಕೂಲವಾಗಲಿ ಎಂದು ಹುಸೇನಪ್ಪ ಹಾಗೆ ಮಾಡಿ ರಾತ್ರಿಯೇ ಊರು ಬಿಟ್ಟು ಹೋಗಿದ್ದ.

ಎರಡೂ ಊರಿನವರು ಅಂದು ಮಧ್ಯಾಹ್ನದ ತನಕ ಎರಡು ದಡದಲ್ಲಿ ನಿಂತಿದ್ದರು ಅಂತಾರೆ. ಹುಸೇನಪ್ಪ ನಿಮ್ಮ ಕಡೆ ಇದ್ದಾನೇನು ಎಂದು ಕೂಗಿ ಕೇಳುತ್ತಿದ್ದರು. ಗಾಳಿಗೆ ಮಾತು ದಾಟುತ್ತಿರಲಿಲ್ಲ. ದಾಟಿಸುವವನೂ ಇರಲಿಲ್ಲ.

ಆಮೇಲೆ, ಹೊಳೆಯ ಕೆಳಗಿನ ಊರುಗಳಲ್ಲಿ ಮೀನು ಹಿಡಿಯುತ್ತಿದ್ದಾನೆ ಅಂದರು. ದೊಡ್ಡ ಪಟ್ಟಣವೊಂದರ ಪೆಟ್ಟಿಗೆಯಲ್ಲಿ ಯಾರೋ ನಿಧಾನದವನು ನೂರು ಜನರನ್ನು ಸೋಲಿಸಿದ ಅಂದರು. ಹುಡುಗರಂತೂ, ನೀಲಿ ಪೆಟ್ಟಿಗೆಯ ಕಲ್ಲಿನ ಮೇಲೆ ಈಗ ಇಬ್ಬರು ಕೂತಿದ್ದಾರೆ, ಒಬ್ಬನ ಕೈಯಲ್ಲಿ ಹುಟ್ಟು ಇದೆ ಎಂದು ಆಣೆ ಮಾಡಿ ಹೇಳಿದರು. ಪಂಪಮ್ಮ ಪೆಟ್ಟಿಗೆ ಕೆಡುವ ತನಕ ದಿನಾ ಹತ್ತಿರ ಹೋಗಿ ನೋಡಿದಳು. ಒಬ್ಬನೇ ಕೂತಿದ್ದ.

ಈಗ ಸೇತುವೆ ಆಗಿದೆ. ಪೆಟ್ಟಿಗೆಗಳು ಗುಜರಿಗೆ ಹೋಗಿ ಎಷ್ಟೋ ಕಾಲವಾಯಿತು. ಬಡಿದಾಟದ ಆಟವೆಲ್ಲ ಮೊಬೈಲಿನೊಳಗೆ ಬಂದಿದೆ. ಆದರೂ ಮುದಗೋಟದ ಮಕ್ಕಳಾಗಲಿ, ಸಿಂಗದಿನ್ನಿಯ ಮಕ್ಕಳಾಗಲಿ, ಯಾವ ಆಟ ಹಾಕಿದರೂ ಮೊದಲ ಪೆಟ್ಟು ಹೊಡೆಯುವ ಮುಂಚೆ ಹಿಂದಿನ ಚಿತ್ರ ನೋಡುತ್ತವೆ. ಅಲ್ಲಿ ಯಾರಾದರೂ ಸುಮ್ಮನೆ ಕೂತಿದ್ದರೆ, ತಮ್ಮ ಜಟ್ಟಿಯನ್ನು ಅವರ ಪಕ್ಕ ಒಯ್ದು ಹತ್ತು ಎಣಿಸುವಷ್ಟು ಹೊತ್ತು ನಿಲ್ಲಿಸುತ್ತವೆ. ಎದುರಿನವರು ಆಗ ಹೊಡೆಯುವುದಿಲ್ಲ. ಅದಕ್ಕೆ ಅಂಬಿಗನ ಹೊತ್ತು ಅಂತ ಹೆಸರು.

ದೊಡ್ಡವರಲ್ಲೂ ಒಂದು ಪದ್ಧತಿ ಉಳಿದಿದೆ. ಆ ಎರಡು ಊರಿನವರು ಟಂಟಂ ಆಟೋ ಹತ್ತಲಿ, ಬಸ್ಸು ಹತ್ತಲಿ, ಕೂರುವುದಕ್ಕೆ ಮೊದಲು ಡ್ರೈವರನ ಹತ್ತಿರ ಹೋಗಿ ಎಲ್ಲಿಗೆ ಹೊರಟಿದ್ದೇವೆ, ಯಾಕೆ ಹೊರಟಿದ್ದೇವೆ, ಮನೆಯಲ್ಲಿ ಏನಾಗಿದೆ ಎಂದು ಎಲ್ಲ ಹೇಳುತ್ತಾರೆ. ಹೊಸ ಡ್ರೈವರುಗಳಿಗೆ ಕಿರಿಕಿರಿಯಾಗುತ್ತದೆ. ಇದೆಲ್ಲ ನನಗ್ಯಾಕೆ ಎಂದು ಕೇಳುತ್ತಾರೆ, ಹಾಡು ಜೋರು ಮಾಡುತ್ತಾರೆ. ಇವರು ಹಾಡು ಮುಗಿಯುವ ತನಕ ಅಲ್ಲೇ ನಿಂತು ಕಾದು, ಉಳಿದದ್ದನ್ನೂ ಹೇಳಿಯೇ ಹೋಗಿ ಕೂರುತ್ತಾರೆ.