ಗಿಂಡಿಗೆ ಬಿದ್ದ ಕಡ್ಡಿ

ಸೊಂಡಿಲುಂಟು, ಆನೆಯಲ್ಲ, ಹೊಟ್ಟೆಯೊಳಗೆ ಇಬ್ಬರ ಜಗಳ. ಏನು ಹೇಳಿ? ಬಿಡಿ, ನಿಮ್ಮಜ್ಜಿಗೂ ಹೊಳೆಯಲ್ಲ. ಅದು ಪಾಕದಂಥ ಜೋನಿಬೆಲ್ಲ ತುಂಬಿದ ಗಿಂಡಿ. ಒಳಗೆ ಬಿದ್ದಿದ್ದವರು ಪೊರಕೆಕಡ್ಡಿ ಮತ್ತು ತೆಂಗಿನ ನಾರು.

ದೋಸೆಗೆ ಬೆಲ್ಲ ಸುರಿಯಲು ಯಾರೋ ಗಿಂಡಿ ಬಗ್ಗಿಸಿದರು. ಬೆಲ್ಲ ನಿಧಾನಕ್ಕೆ ಹರಿದಂತೆ ನಾರು ಸುರುಳಿ ಸುತ್ತಿತು, ಬಿಚ್ಚಿಕೊಂಡಿತು, ಮತ್ತೆ ಬಳುಕಿತು.

"ಥೂ, ನೆಟ್ಟಗೆ ನಿಲ್ಲೋಕೆ ಬರಲ್ವೇನೋ ನಿನಗೆ?" ಎಂದು ಬೈಯುತ್ತಲೇ ಕಡ್ಡಿ ಸೊಂಡಿಲ ಬಾಯಿಗೆ ಅಡ್ಡಲಾಗಿ ಸಿಕ್ಕಿಕೊಂಡಿತು. "ಅಯ್ಯೋ ತಮ್ಮಾ, ನನ್ನನ್ನು ಕಿತ್ತು ಒಲೆಗೆ ಹಾಕ್ತಾರೆ!"

"ನೆಟ್ಟಗೆ ನಿಂತೋರು ಅಡ್ಡಬಿದ್ದಿರಲ್ಲ ಅಣ್ಣಾ!" ಎಂದು ನಗುತ್ತ ನಾರು ಅದರ ತುದಿಗೆ ಸುತ್ತಿಕೊಂಡಿತು. ಬೆಲ್ಲ ನಾರನ್ನು ಎಳೆಯಿತು, ನಾರು ಕಡ್ಡಿಯನ್ನು ತಿರುಗಿಸಿತು; ಇಬ್ಬರೂ ದೋಸೆಯ ಮೇಲೆ ಜಾರಿದರು.

ಕಡ್ಡಿ ತಲೆ ಬಾಗಿಸಿ ನಾರಿಗೊಂದು ನಮಸ್ಕಾರ ಹೊಡೆಯಿತು. ಈ ಕೊನೆ ಮಾತ್ರ ನಾನು ಕಟ್ಟಿದ್ದು. ಕಡ್ಡಿ ಎಲ್ಲಾದರೂ ಬಾಗುತ್ತದೆಯೇ?