ಗಂಧದ ಕೋಠಿಯ ಮೂಗು

"ಗುರುಗಳೇ, ಒಳಗೆ ಏನೂ ಇಲ್ಲದವನು ದೇವರ ಮುಂದೆ ಕೂರಬಹುದೇ?"

ಹೀಗೆ ಕೇಳಿದವನು ಮಠದಲ್ಲಿ ಹನ್ನೆರಡು ವರ್ಷದಿಂದ ಪೂಜೆ ಮಾಡುತ್ತಿದ್ದ ಶಿಷ್ಯ ಸೋಮಲಿಂಗ. ಅವನ ಬಟ್ಟೆಯ ಗಂಟು ಆಗಲೇ ಬಾಗಿಲ ಬಳಿ ಬಂದು ಕೂತಿತ್ತು. ಗುರುಗಳು ಗಂಟನ್ನು ನೋಡಿದರು, ಅವನನ್ನು ನೋಡಿದರು.

"ಮೊದಮೊದಲು ಗಂಟೆ ಕೈಗೆತ್ತಿಕೊಂಡರೆ ಸಾಕು, ಕಣ್ಣಲ್ಲಿ ನೀರು ಬರುತ್ತಿತ್ತು," ಎಂದ ಶಿಷ್ಯ. "ಈಗ ಏನೂ ಇಲ್ಲ. ಹೂವು ಇಡುತ್ತೇನೆ, ಆರತಿ ಎತ್ತುತ್ತೇನೆ. ಕೈ ತನ್ನ ಪಾಡಿಗೆ ಆಡುತ್ತದೆ. ಜನ ಬಂದು ಕಾಲಿಗೆ ಬೀಳುತ್ತಾರೆ. ಅವರು ಎದ್ದು ಹೋಗುವವರೆಗೆ ನನಗೆ ಮುಳ್ಳಿನ ಮೇಲೆ ನಿಂತ ಹಾಗಿರುತ್ತದೆ. ನಾನು ಮೋಸಗಾರ. ಇವತ್ತೇ ಹೊರಡುತ್ತೇನೆ, ಅಪ್ಪಣೆ ಕೊಡಿ."

"ಬಾಗಿಲು ತೆರೆದೇ ಇದೆ," ಎಂದರು ಗುರುಗಳು. "ಬಿಸಿಲು ಸ್ವಲ್ಪ ಇಳಿಯಲಿ. ಅಲ್ಲಿಯವರೆಗೆ ಒಂದು ಕತೆ ಕೇಳು."

ಒಂದು ಊರಿನಲ್ಲಿ ಅರಮನೆಗೆ ಸೇರಿದ ಗಂಧದ ಕೋಠಿ ಇತ್ತು. ಕಾಡಿನಿಂದ ಗಾಡಿಯಲ್ಲಿ ಬಂದ ಗಂಧದ ಮರವನ್ನು ಅಲ್ಲಿ ತೊಳೆದು, ತೊಗಟೆ ಕೆತ್ತಿ, ತುಂಡು ಮಾಡಿ ಇಡುತ್ತಿದ್ದರು. ಮೂವತ್ತು ಜನ ಆಳುಗಳು, ಎಲ್ಲರಿಗೂ ಒಂದೇ ಬಾಗಿಲು, ಆ ಬಾಗಿಲಿಗೆ ಒಬ್ಬ ಕಾವಲುಗಾರ.

ಗಂಧ ಕದಿಯುವುದು ಕಷ್ಟವಲ್ಲ. ಬೆರಳುದ್ದದ ಚಕ್ಕೆಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ. ಆದರೆ ಸುಮ್ಮಸುಮ್ಮನೆ ಆಳುಗಳ ಮೈ ಮುಟ್ಟಿ ಹುಡುಕಬಾರದೆಂದು ಅರಮನೆಯ ಕಟ್ಟಳೆ. ಅದಕ್ಕೆ ಹಿಂದಿನವರು ಒಂದು ಉಪಾಯ ಮಾಡಿದ್ದರು. ಸಂಜೆ ಕೆಲಸ ಬಿಟ್ಟ ಮೇಲೆ ಪ್ರತಿಯೊಬ್ಬರೂ ಬಾಗಿಲ ಬಳಿಯ ತೊಟ್ಟಿಯಲ್ಲಿ ಸೀಗೆಪುಡಿ ಹಚ್ಚಿ ಕೈಕಾಲು ಮುಖ ತೊಳೆಯಬೇಕು. ಕೆಲಸದ ಬಟ್ಟೆ ಬಿಚ್ಚಿಟ್ಟು ಮನೆಯ ಬಟ್ಟೆ ಉಡಬೇಕು. ಆಮೇಲೆ ಒಬ್ಬೊಬ್ಬರಾಗಿ ಕಾವಲುಗಾರನ ಮುಂದೆ ನಿಲ್ಲಬೇಕು. ಅವನು ಮೂಸಿ ನೋಡುತ್ತಾನೆ. ಅಷ್ಟು ತೊಳೆದ ಮೇಲೂ ಗಂಧ ಹೊಡೆದರೆ ಮೈಮೇಲೆ ಮಾಲು ಇದೆ ಎಂದೇ ಅರ್ಥ. ಮೂಗು ಯಾರನ್ನು ತೋರಿಸಿತೋ ಅವನೇ ಕಳ್ಳ. ಅವನೊಬ್ಬನನ್ನು ಹುಡುಕುತ್ತಿದ್ದರು, ಮಾಲು ಸಿಗದಿದ್ದರೆ ಗೋಡೆಯಾಚೆ ಎಸೆದಿದ್ದಾನೆ ಎನ್ನುತ್ತಿದ್ದರು. ಅಂಥವನಿಗೆ ಆಮೇಲೆ ಆ ಊರಿನಲ್ಲಿ ದನ ಕಾಯುವ ಕೆಲಸವನ್ನೂ ಯಾರೂ ಕೊಡುತ್ತಿರಲಿಲ್ಲ.

ಕಾವಲುಗಾರನನ್ನು ಆರಿಸಿದ್ದೇ ಅವನ ಮೂಗಿಗಾಗಿ. ಕಣ್ಣು ಮುಚ್ಚಿಕೊಂಡು ಇದು ಬೇರು, ಇದು ಕೊಂಬೆ ಎಂದು ಹೇಳಬಲ್ಲವನಾಗಿದ್ದ. ಊರಿನವರು ಅವನ ಹೆಸರು ಮರೆತು 'ಕೋಠಿಯ ಮೂಗು' ಎಂದೇ ಕರೆಯುತ್ತಿದ್ದರು. ಅವನಿಗೂ ಆ ಹೆಸರು ಹಿತವಾಗಿಯೇ ಇತ್ತು, ಸುಳ್ಳೇಕೆ ಹೇಳಲಿ.

ಕೆಲಸಕ್ಕೆ ಸೇರಿದ ಹದಿಮೂರನೆಯ ವರ್ಷ ಒಂದು ಸಂಜೆ ಅವನು ಮೂವತ್ತು ಜನರನ್ನೂ ಮೂಸಿದ. ಏನೂ ಬರಲಿಲ್ಲ. ಎಲ್ಲರೂ ಚೆನ್ನಾಗಿ ತೊಳೆದುಕೊಂಡಿದ್ದಾರೆ ಎಂದುಕೊಂಡ. ಮನೆಗೆ ಹೋದರೆ ಒಗ್ಗರಣೆ ಸೀದದ್ದು ಹೆಂಡತಿಗಿಂತ ಮೊದಲು ಅವನಿಗೇ ತಿಳಿಯಿತು. ಮೂಗು ಸರಿಯಾಗಿಯೇ ಇದೆ. ಮರುದಿನ ಬೆಳಿಗ್ಗೆ ಒಂದು ಗಂಧದ ಕೊರಡು ತೆಗೆದುಕೊಂಡು, ಕಲ್ಲಿನ ಮೇಲೆ ನೀರು ಹನಿಸಿ ತೇಯ್ದು, ಮೂಗಿಗೆ ಹಿಡಿದ. ಇಟ್ಟಿಗೆ ಮೂಸಿದ ಹಾಗಾಯಿತು. ಲೋಕದ ವಾಸನೆಯೆಲ್ಲ ಇತ್ತು, ಗಂಧವೊಂದು ಹೋಗಿತ್ತು.

ಆಗಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಮೂಗಿನಿಂದ ಅನ್ನ ತಿನ್ನುವವನು ಮೂಗು ಹೋಯಿತೆಂದು ಯಾರ ಬಳಿ ಹೇಳಿಯಾನು?

ಅಂದಿನಿಂದ ಅವನು ಮೂಸಿದ ಹಾಗೆ ಮಾಡತೊಡಗಿದ. ಸುಮ್ಮನೆ ಮೂಸುತ್ತ ಕೂತರೆ ತನ್ನ ಬಣ್ಣ ಬಯಲಾದೀತೆಂಬ ಭಯಕ್ಕೆ ಒಂದೊಂದು ಮಾತು ಕೇಳುತ್ತಿದ್ದ. "ಮಗಳ ಬಾಣಂತನ ಮುಗೀತೇನಯ್ಯ?" "ಎಮ್ಮೆ ಕರು ಹಾಕ್ತೇ?" ಉತ್ತರ ಹೇಳುವವರ ಮುಖ ನೋಡುತ್ತಿದ್ದ. ಏಳು ವರ್ಷದಲ್ಲಿ ಎರಡೇ ಸಲ ಉತ್ತರ ತಡವರಿಸಿತು. ಎರಡು ಸಲವೂ ಅವನು ಮೆಲ್ಲಗೆ, "ಕೈತಪ್ಪಿ ಏನೋ ಬಂದಿದೆ, ಒಳಗೆ ಇಟ್ಟು ಬಾ," ಎಂದ. ಹೋದವರು ಇಟ್ಟು ಬಂದು, "ನಿಮ್ಮ ಮೂಗಿಗೆ ಶರಣು," ಎಂದು ಕೈ ಮುಗಿದರು. ಆ ಎರಡು ದಿನವೂ ಅವನಿಗೆ ಊಟ ಸೇರಲಿಲ್ಲ.

ಕೋಠಿಯಿಂದ ಒಂದು ಚಕ್ಕೆ ಕೂಡ ಹೊರಗೆ ಹೋಗಲಿಲ್ಲ. ಆದರೂ ಹೊತ್ತು ಇಳಿಯುತ್ತಿದ್ದಂತೆ ದಿನವೂ ಅವನು, ಇವತ್ತು ಸಿಕ್ಕಿಬೀಳುತ್ತೇನೆ ಎಂದುಕೊಳ್ಳುತ್ತಿದ್ದ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಕಾಡಿನಿಂದ ಬೇರಿನ ಗಾಡಿ ಬಂತು. ಗಂಧದ ಮರದಲ್ಲಿ ಬೇರಿಗೇ ಬೆಲೆ, ಎಣ್ಣೆಯೆಲ್ಲ ಅಲ್ಲಿರುತ್ತದೆ. ಗಾಡಿ ಒಳಗೆ ಹೋದ ಮೇಲೆ ಬಾಗಿಲ ಬಳಿ ಮಣ್ಣು ಮೆತ್ತಿದ ಕೊರಡೊಂದು ಬಿದ್ದಿತ್ತು. ಕಾವಲುಗಾರ ಅದನ್ನು ಎತ್ತಿ ಅಭ್ಯಾಸಬಲದಿಂದ ಮೂಸಿದ. ಏನೂ ಇಲ್ಲ. ಗಾಡಿಯವನು ಚಕ್ರಕ್ಕೆ ಅಡ್ಡ ಕೊಟ್ಟು ಮರೆತದ್ದಿರಬೇಕು ಎಂದುಕೊಂಡು, ತನ್ನ ಕಾಲುಮಣೆಯ ಗಿಡ್ಡ ಕಾಲಿನ ಕೆಳಗೆ ಒತ್ತು ಕೊಟ್ಟ. ತೊಟ್ಟಿಯ ನೀರು ಹರಿದು ಅಲ್ಲಿಯ ಚಪ್ಪಡಿ ಯಾವಾಗಲೂ ಒದ್ದೆ. ಕೊರಡು ಅದರ ಮೇಲೆ ಕೂತಿತು, ಅವನು ಮಣೆಯ ಮೇಲೆ ಕೂತ.

ಮಧ್ಯಾಹ್ನ ಕೋಠಿಯ ಪಾರುಪತ್ಯಗಾರ ಬಂದ. ಅವನು ಅಲ್ಲಿಯ ಹಿರಿಯ ಅಧಿಕಾರಿ, ಮಾತಿನಲ್ಲಿ ಖಡಕ್ಕು.

"ಬೇರುಗಳಲ್ಲಿ ಒಂದು ಕಾಣ್ತಾ ಇಲ್ಲ. ಯಾರೂ ಇನ್ನೂ ಹೊರಗೆ ಹೋಗಿಲ್ಲ. ತಳವಾರನಿಗೆ ಹೇಳಿಕಳಿಸಿದ್ದೀನಿ. ಸಂಜೆ ನೀನು ತೋರಿಸಿದವನನ್ನು ಅವನು ಕಟ್ಟಿಕೊಂಡು ಹೋಗ್ತಾನೆ. ಯಾರನ್ನೂ ತೋರಿಸಲಿಲ್ಲವೋ, ನೀನೂ ಅದರಲ್ಲಿ ಪಾಲುದಾರ ಅಂತ ತಿಳೀತೀನಿ."

ಕಾವಲುಗಾರನಿಗೆ ದಿಕ್ಕು ತೋಚಲಿಲ್ಲ. ಇಷ್ಟು ವರ್ಷ ಯಾರನ್ನೂ ತೋರಿಸದೆ ದಾಟಿಸಿದ್ದ. ಇವತ್ತು ಒಬ್ಬರನ್ನು ತೋರಿಸಲೇಬೇಕು. ಉಳಿದ ಹೊತ್ತೆಲ್ಲ ಅವನು ಮಣೆಯ ಮೇಲೆ ಕೂತಲ್ಲಿ ಕೂರಲಾರದೆ ಹೊರಳಾಡಿದ. ಅತ್ತ ಸರಿದ, ಇತ್ತ ಸರಿದ. ಮಣೆಯ ಕಾಲು ಅವನ ಜೊತೆಗೇ ಅಲುಗಾಡಿತು.

ಸಂಜೆ ಪಾರುಪತ್ಯಗಾರನ ಎದುರೇ ಸಾಲು ನಿಂತಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಒಬ್ಬನಾದರೂ ಇರಬೇಕಲ್ಲ ಎಂದು ಅವನು ಪ್ರತಿಯೊಬ್ಬರ ಮುಖವನ್ನೂ ಹುಡುಕಿದ. ಎಲ್ಲರೂ ಎಂದಿನಂತೆಯೇ ಇದ್ದರು. ಬಾಣಂತನ ಮುಗಿದಿತ್ತು. ಎಮ್ಮೆ ಇನ್ನೂ ಕರು ಹಾಕಿರಲಿಲ್ಲ. ಇಪ್ಪತ್ತೊಂಬತ್ತು ಜನ ದಾಟಿ, ಏನಾಗುತ್ತದೋ ಎಂದು ಅಲ್ಲೇ ನಿಂತರು.

ಕೊನೆಯಲ್ಲಿ ಉಳಿದವಳು ಹೊಟ್ಟು ಗುಡಿಸುವ ಹೆಂಗಸು. ಕೆಲಸಕ್ಕೆ ಬಂದು ಹದಿನೈದು ದಿನವಾಗಿತ್ತು. ಅವಳಿಗೆ ಹಿಂದಿಲ್ಲ ಮುಂದಿಲ್ಲ, ಕೇಳುವವರು ಯಾರೂ ಇಲ್ಲ. ಮಡಿಲಲ್ಲಿ ಏನೋ ಉಬ್ಬಿತ್ತು. ಅಷ್ಟೂ ಜನ ತನ್ನನ್ನೇ ನೋಡುತ್ತಿದ್ದುದರಿಂದ ಅದನ್ನು ಸೆರಗಿನಲ್ಲಿ ಮುಚ್ಚಿಕೊಂಡಳು. ಕಾವಲುಗಾರ ಅವಳತ್ತ ಬಾಗಿದ. ಅವನು ಬಾಗಿದ್ದು ಸ್ವಲ್ಪ ಹೆಚ್ಚು ಹೊತ್ತಾಯಿತು.

"ಇವಳೇನು?" ಎಂದ ಪಾರುಪತ್ಯಗಾರ.

ತಲೆ ಒಂದು ಸಲ ಆಡಿಸಿದರೆ ಸಾಕಿತ್ತು. ಕೆಲಸ ಉಳಿಯುತ್ತಿತ್ತು, ಹೆಸರು ಉಳಿಯುತ್ತಿತ್ತು, ಮಾಲು ಗೋಡೆಯಾಚೆ ಹೋಯಿತೆಂದು ಎಲ್ಲರೂ ನಂಬುತ್ತಿದ್ದರು. ಅವನ ತಲೆ ಆಡಲು ಸಿದ್ಧವಾಗಿಯೂ ಇತ್ತು.

ಆಗ ಆ ಹೆಂಗಸು ಅವನಿಗಷ್ಟೇ ಕೇಳುವ ಹಾಗೆ, "ಇನ್ನೊಂದು ಸಲ ಮೂಸಿ ನೋಡಣ್ಣ," ಎಂದಳು. "ನಾನು ಹೇಳಿದ್ರೆ ಯಾರು ನಂಬ್ತಾರೆ? ನಿನ್ನ ಮೂಗು ಹೇಳಿದ್ರೆ ನಂಬ್ತಾರೆ."

ಕಾವಲುಗಾರ ಮಣೆಯಿಂದ ಎದ್ದು ನಿಂತ.

"ಸ್ವಾಮಿ, ಇವಳನ್ನು ಬಿಟ್ಟುಬಿಡಿ. ನನಗೆ ಗಂಧದ ವಾಸನೆ ಬರೋದು ನಿಂತು ಏಳು ವರ್ಷ ಆಯ್ತು. ಇಷ್ಟು ದಿನ ಮೂಸಿದ್ದೆಲ್ಲ ನಾಟಕ. ಏನು ಶಿಕ್ಷೆ ಕೊಟ್ಟರೂ ಸರಿ."

ಹೇಳಿದ್ದೇ ತಡ, ಏಳು ವರ್ಷದ ಭಯ ಬಿಟ್ಟುಹೋಯಿತು. ಕೆಲಸ ಹೋದಂತೆಯೇ ಎಂದು ಅವನಿಗೆ ಗೊತ್ತಿತ್ತು. ಆದರೂ ತಲೆಹೊರೆ ಇಳಿಸಿದ ಹಮಾಲಿಯ ಹಾಗೆ ಅವನು ನೆಟ್ಟಗೆ ನಿಂತು ಉಸಿರು ಬಿಟ್ಟ.

ಪಾರುಪತ್ಯಗಾರನಿಗೆ ಸಿಟ್ಟಿಗಿಂತ ಆಶ್ಚರ್ಯವೇ ದೊಡ್ಡದಾಯಿತು. "ಹಾಗಾದರೆ ಏಳು ವರ್ಷ ಈ ಬಾಗಿಲು ಕಾದದ್ದು ಯಾರು?"

"ಮೂಗು ಇದ್ದಾಗ ನಾನು ಯಾರ ಮುಖವನ್ನೂ ನೋಡ್ತಿರಲಿಲ್ಲ ಸ್ವಾಮಿ. ಅದು ಹೋದ ಮೇಲೆ ನೋಡೋದು ಕಲಿತೆ. ಇವತ್ತು ಈ ಮೂವತ್ತು ಜನರಲ್ಲಿ ಕಳ್ಳರಿಲ್ಲ. ಬೇರು ಎಲ್ಲಿದೆ ಅಂತ ಮಾತ್ರ ನನಗೆ ಗೊತ್ತಿಲ್ಲ."

ಅಷ್ಟರಲ್ಲಿ ತಳವಾರ ಬಂದ. ಹೊರಗಿನಿಂದ ಬಂದವನು ಹೊಸ್ತಿಲಲ್ಲೇ ನಿಂತು ಮೂಗರಳಿಸಿದ. "ಏನ್ರಪ್ಪಾ ಇದು, ಗರ್ಭಗುಡಿ ಬಾಗಿಲು ತೆಗೆದಂಗೆ ಹೊಡೀತಾ ಇದೆ! ಇಲ್ಲಿ ಗಂಧ ತೇಯ್ತಿರೋರು ಯಾರು?" ಎಂದು ಬಗ್ಗಿ ಕಾಲುಮಣೆಯನ್ನು ಪಕ್ಕಕ್ಕೆ ಸರಿಸಿದ.

ಕೊರಡಿನ ಮಣ್ಣೆಲ್ಲ ತೊಳೆದುಹೋಗಿತ್ತು. ಕಾವಲುಗಾರ ಹೆದರಿ ಹೊರಳಾಡಿದಷ್ಟೂ ಅದು ಒದ್ದೆ ಚಪ್ಪಡಿಯ ಮೇಲೆ ತೇಯ್ದು ತೇಯ್ದು, ಸುತ್ತ ಅಂಗೈಯಗಲ ಹಳದಿ ಗಂಧ ನಿಂತಿತ್ತು.

"ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ," ಎಂದು ತಳವಾರ ನಕ್ಕ. ನಗು ಸಾಲಿನುದ್ದಕ್ಕೂ ಹರಿಯಿತು. ಹೊಟ್ಟು ಗುಡಿಸುವವಳು ಅಲ್ಲೇ ಕುಸಿದು ಕೂತು ಅತ್ತಳು, ಅಳುತ್ತಲೇ ನಕ್ಕಳು. ಅವಳ ಮಡಿಲಲ್ಲಿದ್ದದ್ದು ಮಧ್ಯಾಹ್ನ ಉಳಿಸಿಕೊಂಡ ಅರ್ಧ ರಾಗಿರೊಟ್ಟಿ.

ಪಾರುಪತ್ಯಗಾರ ಮಾತ್ರ ನಗಲಿಲ್ಲ. ಬೇರನ್ನು ಎತ್ತಿ ಮೂಗಿಗೆ ಹಿಡಿದ. ತಿರುಗಿಸಿ ಹಿಡಿದ. ಆಮೇಲೆ ಸಣ್ಣ ದನಿಯಲ್ಲಿ, "ನನಗೂ ಬರ್ತಾ ಇಲ್ಲವಲ್ಲೋ," ಎಂದ.

"ನನಗೂ ಇಲ್ಲ ಸ್ವಾಮಿ, ನಾಲ್ಕು ವರ್ಷದಿಂದ," ಎಂದ ತೊಗಟೆ ಕೆತ್ತುವವನು. "ನನಗಂತೂ ಮೊದಲನೇ ವರ್ಷವೇ ಹೋಯ್ತು," ಎಂದ ಇನ್ನೊಬ್ಬ. ಸಾಲಿನಲ್ಲಿ ಒಬ್ಬೊಬ್ಬರೇ ಬಾಯಿ ಬಿಟ್ಟರು. ತನಗೊಬ್ಬನಿಗೇ ಹೀಗಾಗಿದೆ ಎಂದು ಎಲ್ಲರೂ ಮುಚ್ಚಿಟ್ಟುಕೊಂಡಿದ್ದರು. ಕಾವಲುಗಾರನೊಬ್ಬನಿಗೆ ಬರುತ್ತದೆ ಎಂದು ನಂಬಿದ್ದರು.

ಹೊಟ್ಟು ಗುಡಿಸುವವಳು ಕಣ್ಣೊರೆಸಿಕೊಂಡು ಕಾವಲುಗಾರನನ್ನು ನೋಡಿದಳು. "ನನಗೆ ಬರ್ತಿತ್ತು ಕಣಣ್ಣ. ಮಣೆಯಿಂದ ಅಂತ ಗೊತ್ತಾಗ್ಲಿಲ್ಲ. ದಿನಾ ಬರೋ ಹಾಗೆ ಇವತ್ತೂ ನಿನ್ನ ಮೈಯಿಂದಲೇ ಬರ್ತಿದೆ ಅಂದ್ಕೊಂಡೆ."

ಮರುದಿನ ಸಂಜೆಯೂ ಬಾಗಿಲಲ್ಲಿ ಅದೇ ಕಾವಲುಗಾರನೇ ಇದ್ದ. ಪಾರುಪತ್ಯಗಾರ ಅವನಿಗೆ ನಾಲ್ಕು ಕಾಲೂ ಸರಿಯಾಗಿರುವ ಹೊಸ ಕಾಲುಮಣೆ ಮಾಡಿಸಿಕೊಟ್ಟಿದ್ದ. ಅವನು ಮೂಸುವ ಗೋಜಿಗೆ ಹೋಗಲಿಲ್ಲ. ಎಮ್ಮೆ ಕರು ಹಾಕಿತೇ ಎಂದು ಕೇಳಿದ. ಹಾಕಿತ್ತು.

ಗುರುಗಳು ಕತೆ ನಿಲ್ಲಿಸಿದರು. ಬಿಸಿಲು ಇಳಿದಿತ್ತು. ಸೋಮಲಿಂಗ ಬಾಗಿಲ ಬಳಿಯ ಗಂಟನ್ನು ನೋಡಿದ, ಎದ್ದು ಅದರ ಕಡೆಗೆ ಹೋಗಲಿಲ್ಲ. ಅವನ ಮುಖ ಹಗುರಾಗಿತ್ತು. ಆದರೂ ಒಂದು ಅನುಮಾನ ಉಳಿದಿತ್ತು.

"ನಮ್ಮಂಥವರ ಮಾತು ಬಿಡಿ ಗುರುಗಳೇ," ಎಂದ. "ನಿಮಗೆ ಮಾತ್ರ ಆ ಗಂಧ ಇನ್ನೂ ಬರುತ್ತದೆ, ಅಲ್ಲವೇ?"

"ನನ್ನದು ಹೋಗಿ ನಲವತ್ತು ವರ್ಷವಾಯಿತಪ್ಪ, ಏಳು, ಪೂಜೆಗೆ ಹೊತ್ತಾಯಿತು."