ತಿಪ್ಪವ್ವನ ಇಂಜಿನ್ನಿನ ಬೋಲ್ಟು

ಒಂದಾನೊಂದು ಕಾಲದಲ್ಲಿ, ಕರೆಂಟು ಇನ್ನೂ ನಮ್ಮ ಸೀಮೆಗೆ ದಾರಿ ಕೇಳ್ಕೊಂಡು ಬರ್ತಾ ಇದ್ದಾಗ, ತಿಪ್ಪವ್ವ ಅಂತ ಒಬ್ಬಳಿದ್ದಳಂತೆ. ಕಾಲು ಚಾಚು ಮಗಾ, ಹಂಗೆ, ಕೇಳು. ಅವಳ ಮನೆ ಪಡಸಾಲೇಲಿ ಒಂದು ಡೀಸೆಲ್ ಇಂಜಿನ್ನು, ಅದಕ್ಕೆ ಪಟ್ಟಾ ಹಾಕಿ ಹಿಟ್ಟಿನ ಮಿಲ್ಲು. ಗಂಡ ಸತ್ತಮೇಲೆ ಆ ಇಂಜಿನ್ನನ್ನ ನಂಬ್ಕೊಂಡೇ ಓಬಯ್ಯ, ಪಾಲಯ್ಯ, ಬೋರಯ್ಯ ಅಂತ ಮೂರು ಗಂಡುಮಕ್ಕಳನ್ನ ಸಾಕಿದ್ದಳಂತೆ. ಅದು ಶುರುವಾದರೆ ಏಳೂರಾಚೆ ಕೋಳಿಗಳು ಬೆಳಗಾಯ್ತು ಅಂದ್ಕೊಂಡು ಕೂಗೋವಂತೆ.

ಹಿಂಗಿರುವಾಗ ಒಂದಿನ ಇಂಜಿನ್ನು ಕೆಮ್ಮೋಕೆ ಶುರುಮಾಡ್ತಂತೆ. ಒಳಗಿನ ಎಣ್ಣೆ ಹಳೇದಾಗಿ ಡಾಂಬರಿನಂಗಾಗಿತ್ತು. ಬಸಿದು ಹೊಸ ಎಣ್ಣೆ ಹಾಕದಿದ್ದರೆ ಜಾಮಾಗಿ ಸತ್ತೇಹೋಗುತ್ತೆ. ಬಸಿಯೋಕೆ ಬುಡದ ಮಗ್ಗುಲಲ್ಲಿ ಒಂದೇ ಒಂದು ಬೋಲ್ಟು, ಅದು ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲವಂತೆ. ಮಕ್ಕಳು, ಬಿಡವ್ವಾ ಇದನ್ನ, ಗುಜರಿಗೆ ಹಾಕಾಣ ಅಂದರು. ಗುಜರಿ ಖಲಂದರ್ ಸಾಬ್ರು ಸಂಜೆಗೆ ಗಾಡಿ ತರ್ತೀನಿ ಅಂದುಬಿಟ್ಟರು. ತಿಪ್ಪವ್ವ ಇಂಜಿನ್ನಿಗೆ ಅಡ್ಡ ನಿಂತಳು. ಸಂಜೆ ಒಳಗೆ ಬೋಲ್ಟು ಬಿಚ್ಚಿದರೆ ಇಂಜಿನ್ನು ಮನೇಲೇ ಇರುತ್ತೆ, ಸರೀನಾ ಅಂದಳಂತೆ. ಆಯ್ತು ಅಂದರು ಮಕ್ಕಳು.

ಮೊದಲು ಓಬಯ್ಯ ಹೋದ. ಎಮ್ಮೆಕರು ತೂಕದ ಪಾನ, ಅದೇ ಬೋಲ್ಟು ತಿರುಗಿಸೋ ಸ್ಪ್ಯಾನರು, ಹಾಕಿ ಹಲ್ಲು ಕಚ್ಚಿ ಎಳೆದ. ಪಾನವೇ ಬಾಯಿ ಅಗಲಿಸ್ಕೊಂಡು ಆಕಳಿಸ್ತಂತೆ, ಬೋಲ್ಟು ಅಲ್ಲಾಡಲಿಲ್ಲ. ಆಮೇಲೆ ಪಾಲಯ್ಯ ಇನ್ನೊಂದು ಪಾನ ತಂದು, ಅದಕ್ಕೆ ಮಾರುದ್ದದ ಪೈಪು ತೂರಿಸಿ ಜೋತುಬಿದ್ದ. ಬೋಲ್ಟು ತಿರುಗಲಿಲ್ಲ, ಮನೆ ತಿರುಗ್ತಂತೆ. ಮೂಡಲಕ್ಕಿದ್ದ ಬಾಗಿಲು ಬಡಗಲಿಗೆ ಬಂತು, ನೆರೆಮನೆಯೋಳು ಮಜ್ಜಿಗೆ ಕೇಳೋಕೆ ಬಂದು ಗೋಡೆ ತಟ್ಟಿ ಹೋದಳು. ಆಮೇಲೆ ಬೋರಯ್ಯ ಸುತ್ತಿಗೆ ಬೀಸಿದ. ಸುತ್ತಿಗೆ ಪುಟಿದು ಸೂರು ಹಾರಿ ಮೂರೂರಾಚೆ ಕೆರೇಲಿ ಬಿತ್ತಂತೆ. ಇನ್ನೊಂದೇಟು ಕೊಟ್ಟರೆ ತಲೆ ಮುರಿಯುತ್ತೆ ಏಳೋ ಅಂತ ತಿಪ್ಪವ್ವ ಅವನ ರಟ್ಟೆ ಹಿಡಿದು ಎಬ್ಬಿಸಿದಳಂತೆ. ಯಾರ ತಲೆ ಅವ್ವಾ ಅಂದನಂತೆ ಅವನು.

ತಿಪ್ಪವ್ವ ಕುಕ್ಕರುಗಾಲಲ್ಲಿ ಕೂತು ಬೋಲ್ಟು ಸವರಿ ಕೇಳಿದಳು, ಇದನ್ನ ಹಿಂಗೆ ಬಿಗಿದೋರು ಯಾರು ಅಂತ. ಎಣ್ಣೆ ಸೋರಬಾರದಲ್ಲಾ ಅಂತ ನಾನೇ ಅವ್ವಾ, ದಿನಾ ಊದಿನಕಡ್ಡಿ ಹಚ್ಚಿ ಕೈಮುಗಿದು ಒಂದು ಮುರಿ ಬಿಗೀತಿದ್ದೆ ಅಂದ ಓಬಯ್ಯ. ಅಣ್ಣನ ಕೈ ನಂಬೋಕಾಗುತ್ತಾ, ಅವನಾದಮೇಲೆ ನಾನೊಂದು ಮುರಿ ಅಂದ ಪಾಲಯ್ಯ. ಇವರಿಬ್ಬರದ್ದೂ ನಂಬೋಕಾಗುತ್ತಾ ಅಂದ ಬೋರಯ್ಯ. ತಿಪ್ಪವ್ವ ಮುಖ ಆ ಕಡೆ ತಿರುಗಿಸ್ಕೊಂಡು ಬ್ರಷ್ಷು ಹುಡುಕಿದಳಂತೆ. ಮೂವರೂ ಹೊಲಕ್ಕೆ ಹೋದಮೇಲೆ ಅವಳೂ ದಿನಾ ಒಂದು ಮುರಿ ಬಿಗೀತಿದ್ದಳಲ್ಲ.

ಆಮೇಲೆ ಅವಳು ಬ್ರಷ್ಷಲ್ಲಿ ತುಕ್ಕು ಉಜ್ಜಿ, ಸೀಮೆಎಣ್ಣೇಲಿ ನೆನೆಸಿದ ಬಟ್ಟೆ ಸುತ್ತಿ, ಹೋಗಿ ಊಟ ಮಾಡಿ, ಎಲೆಅಡಿಕೆ ಹಾಕ್ಕೊಂಡು, ಒಂದು ನಿದ್ದೆಯನ್ನೂ ಮಾಡಿದಳಂತೆ. ಹೊತ್ತು ಇಳೀತಾ ಇದೆ ಅವ್ವಾ ಅಂತ ಮಕ್ಕಳು ಪೇಚಾಡಿದರೆ, ಎಣ್ಣೆ ಒಳಗೆ ನಡ್ಕೊಂಡು ಹೋಗಬೇಕು ಕಣ್ರೋ, ಅದಕ್ಕೇನು ಬಸ್ಸಿದೆಯಾ ಅಂದಳಂತೆ. ಎದ್ದು ಆ ಬಟ್ಟೆ ತೆಗೆದು, ಬಾಣಂತಿ ಸೊಂಟಕ್ಕೆ ಕೊಟ್ಟಂಗೆ ಬಿಸಿನೀರಿನ ಬಟ್ಟೇಲಿ ಬೋಲ್ಟಿನ ಸುತ್ತ ಶಾಖ ಕೊಟ್ಟಳು. ಸಣ್ಣ ಸುತ್ತಿಗೇಲಿ ಬೋಲ್ಟಿನ ತಲೆ ಮೇಲೆ ಟಕ್ ಟಕ್ ಅಂತ ಮೆತ್ತಗೆ ತಟ್ಟಿದಳು. ಆಮೇಲೆ ಪಾನ ಹಾಕಿ, ಬಿಗಿಯೋ ಕಡೆಗೆ ಒಂದು ಕೂದಲೆಳೆಯಷ್ಟು ಒತ್ತಿದಳಂತೆ. ಅವ್ವಾ ಅದು ಬಿಗಿಯೋ ಕಡೆ ಅಂತ ಮೂವರೂ ತಲೆ ಚಚ್ಚಿಕೊಂಡರು. ಗೊತ್ತು ಸುಮ್ನಿರ್ರೋ, ಹಠ ಮಾಡೋ ಕೂಸನ್ನ ತೊಡೆಯಿಂದ ಇಳಿಸೋವಾಗ ಒಂದ್ಸಲ ಅಪ್ಕೊಂಡೇ ಇಳಿಸಲ್ವಾ ಅಂದು, ಈ ಕಡೆ ತಿರುವಿದಳಂತೆ. ಟಿಕ್ ಅಂತು. ಇಷ್ಟೇ ಇಷ್ಟು. ಮತ್ತೆ ಆ ಕಡೆ, ಮತ್ತೆ ಈ ಕಡೆ. ಬೋಲ್ಟು ಕೈಗೇ ಬಂತು. ಕರಿ ಎಣ್ಣೆ ಹರಿದದ್ದು ಹರಿದದ್ದೇ, ಬೀದೀಲಿ ಹೋಗ್ತಿದ್ದ ಬಿಳೀ ಬಾತುಗಳೆಲ್ಲ ಕಾಗೆಯಾದವಂತೆ. ಮಕ್ಕಳು ಅವ್ವನ ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿದರಂತೆ.

ಬೋಲ್ಟನ್ನ ಹದವಾಗಿ ಮತ್ತೆ ಕೂರಿಸಿ, ಹೊಸ ಎಣ್ಣೆ ಹಾಕಿ ಹ್ಯಾಂಡಲು ತಿರುಗಿಸೋದಕ್ಕೂ ಖಲಂದರ್ ಸಾಬ್ರ ಗಾಡಿ ಬಾಗಿಲಿಗೆ ಬರೋದಕ್ಕೂ ಸರಿಹೋಯ್ತು. ಸದ್ದಿಗೆ ಎತ್ತುಗಳು ತಾವೇ ಹಿಂದಕ್ಕೆ ತಿರುಗಿದವಂತೆ. ಸಾಬ್ರು ಗಾಡಿಯಿಂದ ಧುಮುಕಿ, ಅಮ್ಮಾ, ಈ ಕೈ ಇರೋವರೆಗೂ ಇದು ನನ್ನ ಗಾಡಿ ಹತ್ತಲ್ಲ ಬಿಡು ಅಂತ ಕೈಮುಗಿದು ಹೋದರಂತೆ.

ಅವತ್ತಿಂದ ತಿಪ್ಪವ್ವ ಪಾನಾನ ದಿಂಬಿನ ಕೆಳಗೆ ಇಟ್ಕೊಂಡು ಮಲಗಿದಳು. ಬೆಳಗಾದರೆ ಬೋಲ್ಟು ಬಿಗಿಯೋಕೆ ನಾಲ್ಕು ಜನರ ಕೈಯೂ ನವೆ ಹತ್ತಿದಂಗೆ ಕಡಿಯೋದು, ಯಾರೂ ಮುಟ್ಟಲಿಲ್ಲ. ಒಂದು ತೊಟ್ಟೂ ಸೋರಲಿಲ್ಲವಂತೆ. ಅಲ್ಲಿ ಅವರ ಇಂಜಿನ್ನು ಗುಡುಗುಡು, ಇಲ್ಲಿ ನಿನ್ನ ಮೂಗು ಗೊರಗೊರ, ಕತೆ ಮುಗೀತು.